ಪಂಪ್ ನಿಯಂತ್ರಕಗಳಿಗೆ ವೈಫೈ ಮೂಲಕ ಹೊಸ ಫರ್ಮ್‌ವೇರ್

ಪಂಪ್‌ಸೆಟ್ಟನ್ನು ಮೊಬೈಲ್ ಫೋನಿನಿಂದ ನಡೆಸುವ, ಮಣ್ಣಿನ ತೇವಾಂಶ ತಿಳಿಸುವ ಸಣ್ಣ ಉಪಕರಣಗಳನ್ನು ಹವ್ಯಾಸಿ ತಯಾರಕರು ಮಾಡಿ ರೈತರಿಗೆ ಮಾರುವುದುಂಟು. ಇಂತಹ ಹಲವು ಉಪಕರಣಗಳಲ್ಲಿರುವುದು 2016ರಲ್ಲಿ ಬಳಕೆಗೆ ಬಂದ ಇಎಸ್‌ಪಿ32 ಎಂಬ ಚಿಪ್. ಅದಕ್ಕೆ ತುಂಬಿದ ಆಜ್ಞೆಗಳ ಸಮೂಹವೇ ಫರ್ಮ್‌ವೇರ್. ಅದರಲ್ಲಿ ದೋಷ ಕಂಡುಬಂದಾಗ ಉಪಕರಣವನ್ನು ಕಳಚಿ ಒಯ್ಯಬೇಕಾಗಿಲ್ಲ. ವೈಫೈ ಮೂಲಕವೇ ಹೊಸದನ್ನು ತುಂಬಬಹುದು. ಆದರೆ ಈ ಕೆಲಸ ಕೆಟ್ಟರೆ ಬೆಳೆಗೆ ನೀರು ನಿಲ್ಲುತ್ತದೆ.

ಈ ಚಿಪ್ಪಿನ ಜೊತೆಗೆ ಸಾಮಾನ್ಯವಾಗಿ 4 ಮೆಗಾಬೈಟ್ ಫ್ಲ್ಯಾಶ್ ಸ್ಮೃತಿ ಇರುತ್ತದೆ. ಅದರಲ್ಲಿ ಫರ್ಮ್‌ವೇರಿಗೆಂದು ತಲಾ ಸುಮಾರು 1.25 ಮೆಗಾಬೈಟಿನ ಎರಡು ಅಂಕಣಗಳನ್ನು ಮಾಡುವುದು ರೂಢಿ. ಹಳೆಯದು ಒಂದರಲ್ಲಿ ಕೆಲಸ ಮಾಡುತ್ತಿರುವಾಗಲೇ ಹೊಸದು ಇನ್ನೊಂದರಲ್ಲಿ ತುಂಬಿಕೊಳ್ಳುತ್ತದೆ. ಪೂರ್ತಿ ಬಂದು ತಾಳೆಯಾದ ಮೇಲೆಯೇ ಉಪಕರಣ ಹೊಸ ಅಂಕಣಕ್ಕೆ ಹೊರಳುತ್ತದೆ. ಆದ್ದರಿಂದ ನಡುವೆ ಕರೆಂಟು ಹೋದರೂ ಹಳೆಯದು ಕೆಡುವುದಿಲ್ಲ.

ನಿಜವಾದ ಅಪಾಯ ಬೇರೆ. ಪೂರ್ತಿ ಬಂದ ಫರ್ಮ್‌ವೇರೇ ದೋಷಯುಕ್ತವಾಗಿದ್ದು ವೈಫೈಗೆ ಸೇರಲಾರದೆ ಹೋದರೆ, ಅದನ್ನು ಸರಿಪಡಿಸುವ ಮುಂದಿನದು ಬರುವ ದಾರಿಯೂ ಮುಚ್ಚುತ್ತದೆ. ಹೊಸ ಬೀಜದ ಮೊಳಕೆ ನೋಡುವವರೆಗೆ ಹಳೆಯ ಬೀಜವನ್ನು ಯಾವ ರೈತನೂ ಮಾರಿಕೊಳ್ಳುವುದಿಲ್ಲ. ಇಲ್ಲಿಯೂ ಹಾಗೆಯೇ. ಹೊಸ ಫರ್ಮ್‌ವೇರ್ ಮೊದಲ ಸಲ ಎದ್ದಾಗ ವೈಫೈ ಸಿಗುವುದೇ ಎಂದು ಪರೀಕ್ಷಿಸಿ, ಸಿಕ್ಕರೆ ಮಾತ್ರ ತಾನು ಸರಿಯೆಂದು ಗುರುತು ಹಾಕಿಕೊಳ್ಳಬೇಕು. ಗುರುತು ಬೀಳದೆ ಮರುಚಾಲನೆಯಾದರೆ ಹಳೆಯದೇ ಮರಳುತ್ತದೆ. ಈ ಏರ್ಪಾಡು ಮಾರಾಟಕ್ಕೆ ಮೊದಲೇ ಇರಬೇಕು. ಏಕೆಂದರೆ ಬೂಟ್‌ಲೋಡರ್ ಮತ್ತು ಅಂಕಣಗಳ ವಿಂಗಡಣೆಯನ್ನು ಬದಲಿಸಲು ಸಾಮಾನ್ಯವಾಗಿ ಯುಎಸ್‌ಬಿ ತಂತಿ ಹಚ್ಚಬೇಕಾಗುತ್ತದೆ. ಕೊಳ್ಳುವಾಗ ಇದನ್ನು ಕೇಳಿಯೇ ಹಣ ಕೊಡುವುದು ಲೇಸು.

ತಯಾರಕನ ಡಿಜಿಟಲ್ ಸಹಿ ಇಲ್ಲದ ಫರ್ಮ್‌ವೇರನ್ನು ಉಪಕರಣ ತಿರಸ್ಕರಿಸುವಂತಿರಬೇಕು.

ನವೀಕರಣದ ಕೊನೆಯಲ್ಲಿ ಉಪಕರಣ ತಾನೇ ಆರಿ ಮತ್ತೆ ಚಾಲನೆಗೊಳ್ಳುತ್ತದೆ. ಆ ಕ್ಷಣ ರಿಲೇ ಯಾರ ಹಿಡಿತದಲ್ಲಿಯೂ ಇರುವುದಿಲ್ಲ. ಜೋಡಣೆ ಸರಿಯಿಲ್ಲದಿದ್ದರೆ ಮೋಟಾರು ಹಠಾತ್ತನೆ ಓಡಲೂಬಹುದು. ಬಾವಿಗೆ ಇಳಿದವರಿದ್ದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಮೊದಲು ಮೋಟಾರಿನ ಮೇನ್ ಸ್ವಿಚ್ ಆರಿಸಿ, ಉಪಕರಣಕ್ಕೆ ಮಾತ್ರ ಬೇರೆ ಕಡೆಯಿಂದ ವಿದ್ಯುತ್ ಕೊಡಬೇಕು. ರೈತನಿಗೆ ತಿಳಿಸದೆ ತಯಾರಕ ದೂರದಿಂದಲೇ ಫರ್ಮ್‌ವೇರ್ ಬದಲಿಸುವುದಂತೂ ಸಲ್ಲದು.

ಮೊಬೈಲಿನ ಹಾಟ್‌ಸ್ಪಾಟ್ ಬಳಸುವುದಾದರೆ ಅದನ್ನು 2.4 ಗಿಗಾಹರ್ಟ್ಸಿಗೆ ಇಡಬೇಕು. 5 ಗಿಗಾಹರ್ಟ್ಸ್ ವೈಫೈ ಇಎಸ್‌ಪಿ32ಕ್ಕೆ ಕಾಣಿಸದು. ವೈಫೈ ಗುಪ್ತಪದವನ್ನು ಬದಲಿಸಿದಾಗ ಉಪಕರಣಕ್ಕೂ ಅದನ್ನು ತಿಳಿಸಲು ಮರೆಯಬಾರದು.

ಒಂದೇ ಬಗೆಯ ಉಪಕರಣ ಹಲವರಲ್ಲಿರುವ ಹಳ್ಳಿಯಲ್ಲಿ ವಿಸ್ತರಣಾ ಕಾರ್ಯಕರ್ತರು ಮೊದಲು ಒಂದಕ್ಕೆ ಮಾತ್ರ ಹೊಸದನ್ನು ತುಂಬಿಸಿ, ಎರಡು ಮೂರು ಸಲ ನೀರು ಹಾಯಿಸಿ ನೋಡಿದ ಮೇಲೆ ಉಳಿದವುಗಳಿಗೆ ತುಂಬಿಸುವುದು ಸೂಕ್ತ.