ಕೊಂಡ ಪುಸ್ತಕ ತೆರೆಯದಿದ್ದಾಗ

ಮೇಡಂ, ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಗಳು ಅಂಗಡಿ ಮುಚ್ಚಿದ ಮೇಲೆ ತೆರೆಯುತ್ತಲೇ ಇಲ್ಲ ಎಂದು ನೊಂದು ಬರೆದಿದ್ದೀರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 'ಖರೀದಿಸಿ' ಎಂಬ ಗುಂಡಿ ಒತ್ತಿದಾಗ ನಿಮಗೆ ಸಿಕ್ಕಿದ್ದು ಓದುವ ಪರವಾನಗಿ ಮಾತ್ರ. ಫೈಲಿಗೆ ಡಿಆರ್‌ಎಂ ಎಂಬ ಬೀಗ, ಅದರ ಕೀಲಿಕೈ ಕಂಪನಿಯ ಸರ್ವರ್‌ನಲ್ಲಿ. ಸರ್ವರ್ ನಿಂತಿತೋ, ಪುಸ್ತಕವೂ ಮುಚ್ಚಿತು.

2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಆರ್ವೆಲ್ಲರ '1984' ಮತ್ತು 'ಅನಿಮಲ್ ಫಾರ್ಮ್' ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರು ಎಂಬುದು ಕಾರಣ. ಹಣವೇನೋ ವಾಪಸು ಬಂತು. ಒಬ್ಬ ವಿದ್ಯಾರ್ಥಿ ಪಾಠಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಗಳು ಮಾತ್ರ ಕೆಲಸಕ್ಕೆ ಬಾರದಂತಾದವು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗಲೂ ಹಣ ಮರಳಿತು, ಪುಸ್ತಕಗಳು ಹೋದವು. ಮನೆಗೆ ಬಂದ ಪುಸ್ತಕವನ್ನು ಅಂಗಡಿಯವನು ಕಪಾಟಿನಿಂದ ಎತ್ತಿಕೊಂಡು ಹೋಗುವುದನ್ನು ನಾವು ಒಪ್ಪುತ್ತೇವೆಯೇ? ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಬೀಗ ಒಡೆಯಬಹುದೇ ಎಂದು ಕೇಳಿದ್ದೀರಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನಲ್ಲಿ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡಿದರೆ 2 ವರ್ಷದವರೆಗೆ ಜೈಲು ಮತ್ತು ದಂಡವಿದೆ. 'ಉದ್ದೇಶ' ಎಂಬ ಮಾತು ನಿಮ್ಮಂಥ ಓದುಗರಿಗೆ ಆಸರೆ. ಆದರೂ ವಕೀಲರನ್ನು ಕೇಳದೆ ಕೈಹಾಕಬೇಡಿ.

ಸದ್ಯಕ್ಕೆ ರಸೀದಿಗಳನ್ನು ಹುಡುಕಿ, ಹಣ ಮರಳಿಸುವಂತೆ ಕಂಪನಿಗೆ ಇಮೇಲ್ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಇನ್ನು ಮುಂದೆ ಬೀಗವಿಲ್ಲದ ಇ-ಪಬ್ ಫೈಲು ಕೊಡುವ ಪ್ರಕಾಶಕರಿಂದಲೇ ಕೊಳ್ಳಿ, ಕೊಂಡ ದಿನವೇ ಪೆನ್‌ಡ್ರೈವ್‌ಗೆ ಒಂದು ಪ್ರತಿ ಇಳಿಸಿಕೊಳ್ಳಿ.