ಸಾಯುವವರ ಮುಂದೆ ಸುವಾರ್ತೆ

ಕ್ಯಾನ್ಸರ್ ಉಲ್ಬಣಿಸಿ ಆಸ್ಪತ್ರೆಯಿಂದ ಮನೆಗೆ ಕಳಿಸಿದವರನ್ನು ಸಭೆಯ ಪರವಾಗಿ ನೋಡಿಬರುವುದು ಬಹಳ ಕಾಲದಿಂದ ನನ್ನ ಪಾಲಿನ ಸೇವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಧಾರವಾಡ, ಹುಬ್ಬಳ್ಳಿ, ನಮ್ಮ ಬೆಟಗೇರಿಗೂ ಬಂದರು. ಹಾಸಿಗೆ ಹಿಡಿದವರ ಬಳಿ ಕೂತು ಪ್ರಾರ್ಥಿಸುವುದು ಆ ಮಿಷನ್ನಿನ ಮೂಲಕ ಕ್ರೈಸ್ತರಾದ ನಮ್ಮ ಮನೆತನಗಳಲ್ಲಿ ಹಿರಿಯರಿಂದ ಬಂದ ರೂಢಿ. ಅದರ ಜೊತೆಗೇ ಒಂದು ಆತುರವೂ ಬಂದಿದೆ: ಉಸಿರು ನಿಲ್ಲುವುದರೊಳಗೆ ಹೇಳಿ ಒಪ್ಪಿಸಿಬಿಡಬೇಕು ಎಂಬುದು. ಇದಕ್ಕೆ ಆಧಾರವಾಗಿ ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಸಾಯುವ ಹೊತ್ತಿಗೆ ಯೇಸುವನ್ನು ನಂಬಿದ ಕಳ್ಳನನ್ನು ತೋರಿಸುತ್ತಾರೆ. ಆದರೆ ಆ ಕಳ್ಳನನ್ನು ಯಾರೂ ಒತ್ತಾಯಿಸಿರಲಿಲ್ಲ, ಅವನಾಗಿಯೇ ಬೇಡಿಕೊಂಡ. ಅವನಿಗೆ ಮಾತು ಕೊಟ್ಟ ಯೇಸು ಪಕ್ಕದ ಶಿಲುಬೆಯ ಮೇಲೆ ಅದೇ ಯಾತನೆಯಲ್ಲಿದ್ದ.

ಬೆಟಗೇರಿಯ ಒಬ್ಬ ವೃದ್ಧ ನೇಕಾರರ ಬಳಿ ನಾನು ಕಲಿತದ್ದು ಹೆಚ್ಚು. ಅವರು ನಮ್ಮ ಸಭೆಯವರಲ್ಲ. ಹೊಟ್ಟೆಯ ಕ್ಯಾನ್ಸರ್, ನೀರು ಸಹ ಇಳಿಯುತ್ತಿರಲಿಲ್ಲ, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಅಂಥವರಿಗೆ ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಮೊದಲು ತುಟಿ, ಆಮೇಲೆ ವಸಡು, ಕೊನೆಗೆ ನಾಲಿಗೆ ಒರೆಸಬೇಕು. ನೀರು ಗಂಟಲಿಗೆ ಇಳಿಯದಂತೆ ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿರಬೇಕು. ಹಾಗೆ ಒರೆಸುತ್ತಿದ್ದಾಗಲೇ ಒಂದು ದಿನ ಕೇಳಿದರು: “ನಿಮ್ಮ ಯೇಸು ಸಾಯೂಮುಂದ ಅಂಜಿದ್ನೇನ್ರಿ?”

ಅಂಜಿದ್ದ ಎಂದೆ. ಗೆತ್ಸೇಮನೆ ತೋಟದ ರಾತ್ರಿಯನ್ನು ಹೇಳಿದೆ: ಈ ಕಷ್ಟ ತಪ್ಪಲಿ ಎಂದು ತಂದೆಯನ್ನು ಬೇಡಿದ್ದು, ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿದ್ದದ್ದು, ಜೊತೆಗಿರಿ ಎಂದು ಕೇಳಿಕೊಂಡರೂ ಶಿಷ್ಯರು ನಿದ್ದೆಹೋದದ್ದು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅವಗ ಗೊತ್ತೈತಿ” ಎಂದರು. ಪುನರುತ್ಥಾನದ ಮಾತನ್ನೂ ಹೇಳಿದೆ, ಏಕೆಂದರೆ ನನ್ನ ನಂಬಿಕೆ ನಿಂತಿರುವುದೇ ಅದರ ಮೇಲೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಪ್ರಾರ್ಥನೆ ಮಾಡಲೇ ಎಂದು ಕೇಳಿದಾಗ, ತಮಗಲ್ಲ, ಹೆಂಡತಿಗಾಗಿ ಮಾಡಿ ಎಂದರು. ಕೊನೆಯವರೆಗೂ ತಮ್ಮ ಮನೆದೇವರಿಗೇ ನಡೆದುಕೊಂಡರು. ನಮ್ಮವರಲ್ಲಿ ಕೆಲವರು ಫಲ ಸಿಗಲಿಲ್ಲ ಎಂದರು. ನಾನು ಆ ಲೆಕ್ಕ ಹಾಕುವುದಿಲ್ಲ. ಸಾಕ್ಷಿ ಹೇಳುವುದಷ್ಟೇ ನನ್ನ ಪಾಲು.

ನೋವಿನಿಂದ ಹೊರಳಾಡುತ್ತಿರುವವರಿಗೆ ಯಾವ ವೇದವಾಕ್ಯವೂ ಕಿವಿಗೆ ಬೀಳುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಸಾಯುವವರ ಆರೈಕೆಯ ಮನೆ ತೆರೆದ ಸಿಸಿಲಿ ಸಾಂಡರ್ಸ್ ಆಳವಾದ ಕ್ರೈಸ್ತ ವಿಶ್ವಾಸಿ. ಅವರು ಮೊದಲು ಹಿಡಿದದ್ದು ನೋವನ್ನು: ಮಾರ್ಫಿನ್ನನ್ನು ನೋವು ಮರುಕಳಿಸುವ ಮೊದಲೇ, ಹೊತ್ತು ಹೊತ್ತಿಗೆ ಕೊಡಬೇಕು ಎಂದು ತೋರಿಸಿಕೊಟ್ಟರು. ಅಲ್ಲಿ ಯಾವ ಧರ್ಮದವರಿಗೂ, ಧರ್ಮವೇ ಬೇಡವೆನ್ನುವವರಿಗೂ ಜಾಗವಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಲಾಜರ ಸತ್ತ ಮೇಲೆ ಯೇಸು ತಡವಾಗಿ ಬಂದಾಗ ಲಾಜರನ ಸಹೋದರಿಯರಾದ ಮಾರ್ಥ, ಮರಿಯ ಇಬ್ಬರೂ ಒಂದೇ ದೂರು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಮಾರ್ಥಳಿಗೆ ಸಿಕ್ಕಿದ್ದು ಪುನರುತ್ಥಾನದ ಉತ್ತರ. ಮರಿಯಳ ಮುಂದೆ ಯೇಸು ಅತ್ತುಬಿಟ್ಟ. ಎದುರಿಗಿರುವವರು ಮಾರ್ಥಳೋ ಮರಿಯಳೋ ಎಂದು ತಿಳಿಯಲು ಮೊದಲು ಅವರ ಮಾತು ಕೇಳಬೇಕು. ಮಂಪರಿನಲ್ಲಿರುವವರ ಕಿವಿಯಲ್ಲಿ ಪ್ರಾರ್ಥನೆ ಹೇಳಿ ‘ಒಪ್ಪಿಕೊಂಡರು’ ಎಂದು ಬಂದು ವರದಿ ಮಾಡುವುದು ಸುವಾರ್ತೆಯಲ್ಲ, ಅಸಹಾಯಕರ ಮೇಲಿನ ದಬ್ಬಾಳಿಕೆ.

ನಿಮ್ಮ ಸಭೆಯಿಂದ ಇಂಥ ಭೇಟಿಗೆ ಹೋಗುವವರಿದ್ದರೆ ಅವರಿಗೆ ನನ್ನದೊಂದು ವಿನಂತಿ. ಸತ್ಯವೇದ ತೆರೆಯುವ ಮೊದಲು ನೋವಿನ ಮಾತ್ರೆ ಹೊತ್ತಿಗೆ ಸಿಗುತ್ತಿದೆಯೇ ಎಂದು ಮನೆಯವರನ್ನು ಕೇಳಿ. ಸಿಗದಿದ್ದರೆ ಅಂದೇ ವೈದ್ಯರನ್ನು ಕಾಣಿ. ಪ್ರಾರ್ಥಿಸುವ ಮೊದಲು ರೋಗಿಯ ಅಪ್ಪಣೆ ಪಡೆಯಿರಿ. ಬೇಡವೆಂದರೆ ಬಿಡಿ, ಆದರೆ ಮಾರನೆಯ ದಿನವೂ ತಪ್ಪದೆ ನೋಡಲು ಹೋಗಿ.