ಕಳುವಾದ ಕೈಗಡಿಯಾರ

ದಿವಂಗತ ತಂದೆಯವರ ಒಮೆಗಾ ಕೈಗಡಿಯಾರವು ರೈಲುಪ್ರಯಾಣದಲ್ಲಿ ಅಪಹೃತವಾದುದಕ್ಕಾಗಿ ತಾವು ಪಡುತ್ತಿರುವ ಸಂತಾಪವನ್ನು, ಬಂಧುಗಳು ಎಷ್ಟೇ ಹಗುರವಾಗಿ ಕಂಡರೂ, ನಾನು ಅಲ್ಪವೆಂದೆಣಿಸಲಾರೆ. ಆದರೆ ಶೋಕವು ಕಾರ್ಯಕ್ಕೆ ಅಡ್ಡಬಾರದಿರಲಿ. ಖರೀದಿಯ ಅಥವಾ ದುರಸ್ತಿಯ ರಸೀದಿಯಲ್ಲಿ ಗಡಿಯಾರದ ಕ್ರಮಸಂಖ್ಯೆಯನ್ನು ಹುಡುಕಿ, 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಕಳವು ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಸಮೀಪದ ಠಾಣೆಯಲ್ಲಿಯೇ ದೂರಿತ್ತು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ಕಳುವಾದ ಗಡಿಯಾರಗಳನ್ನು ನೋಂದಾಯಿಸಿಕೊಳ್ಳುವ ಲಂಡನ್ನಿನ ‘ದಿ ವಾಚ್ ರಿಜಿಸ್ಟರ್’ ಸಂಸ್ಥೆಗೂ ಬರೆಯಿರಿ, ಏಕೆಂದರೆ ವರ್ಷಗಳ ಅನಂತರ ಗಡಿಯಾರವು ಮಾರಾಟಕ್ಕೆ ಬಂದಲ್ಲಿ ಆ ಸಂಖ್ಯೆಯೇ ಅದನ್ನು ಗುರುತಿಸಿಕೊಡಬಲ್ಲದು. ಮರಳಿ ದೊರೆತೇ ದೊರೆಯುವುದೆಂದು ನಾನು ಭರವಸೆ ಕೊಡಲಾರೆ. ಪ್ರಯಾಣದಲ್ಲಿ ನಿದ್ರಿಸಿದುದನ್ನೇ ಮಹಾಪರಾಧವೆಂದು ತಾವು ಬಗೆದಿರುವಿರಷ್ಟೆ, ಅಪರಾಧವು ಕದ್ದವನದು. ತಾಯಿಯವರಿಂದ ಈ ಸಂಗತಿಯನ್ನು ಇನ್ನು ಮರೆಮಾಡದೆ, ಅವರ ಬಳಿ ಕುಳಿತು ಇಂದೇ ಹೇಳಿರಿ.